ಹೊಸ ಮಂಡಿಗೆ ನೋವೇಕೆ?

“ಎಕ್ಸ್‌ರೇ ನೋಡಿ ಡಾಕ್ಟರು ಎಲ್ಲ ಚೆನ್ನಾಗಿ ಕೂತಿದೆ ಅಂತಾರೆ. ನನಗೆ ರಾತ್ರಿ ನಿದ್ದೆ ಇಲ್ಲ. ಹಾಗಾದರೆ ಈ ನೋವು ಎಲ್ಲಿಂದ ಬರ್ತಿದೆ?” ಮಂಡಿ ಬದಲಿಸುವ ಆಪರೇಷನ್ ಆಗಿ ಆರು ವಾರ ಕಳೆದ ಓದುಗರೊಬ್ಬರು ಕೇಳಿದ್ದಾರೆ.

ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮತ್ತು ಲೋಹ. ತೊಡೆಮೂಳೆಯ ತುದಿಗೆ ಕೋಬಾಲ್ಟ್-ಕ್ರೋಮಿಯಂ ಹೊದಿಕೆ, ಕೆಳಗಿನ ಮೂಳೆಗೆ ಲೋಹದ ತಟ್ಟೆ, ನಡುವೆ ಎಕ್ಸ್‌ರೇಗೆ ಕಾಣದ ಗಟ್ಟಿ ಪಾಲಿಥೀನ್. ಇಂದಿನ ಬಹುತೇಕ ಕೃತಕ ಮಂಡಿಗಳಿಗೆ ಮಾದರಿಯಾದ ವಿನ್ಯಾಸ 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ರೂಪುಗೊಂಡಿತು. ಅದನ್ನು ರೂಪಿಸಿದವರು ಜಾನ್ ಇನ್ಸಾಲ್, ಪೀಟರ್ ವಾಕರ್ ಮತ್ತು ನಮ್ಮ ಮಧ್ಯಪ್ರದೇಶದಿಂದ ಹೋದ ಚಿತ್ತರಂಜನ್ ರಾಣಾವತ್. ಆಗಿನ ಪ್ರಧಾನಿ ವಾಜಪೇಯಿಯವರ ಎರಡೂ ಮಂಡಿಗಳಿಗೆ 2000 ಮತ್ತು 2001ರಲ್ಲಿ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರೂ ಈ ರಾಣಾವತ್ ಅವರೇ.

ನೋವಿನ ಮೂಲ ಇರುವುದು ಲೋಹದ ಸುತ್ತ, ಕುಯ್ದು ಹೊಲಿದ ಮಾಂಸ, ಪೊರೆ, ನರಗಳಲ್ಲಿ. ಎಲ್ಲಕ್ಕಿಂತ ದೊಡ್ಡ ಪೆಟ್ಟು ತೊಡೆಯ ಮುಂಭಾಗದ ಸ್ನಾಯುವಿಗೆ. ಕೀಲಿನಲ್ಲಿ ಬಾವು ತುಂಬಿದಾಗ ಬೆನ್ನುಹುರಿ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಡೆಹಿಡಿಯುತ್ತದೆ. ಕಾಲು ಚಾಚಿ ಕೂರಿಸಿ, ಮಂಡಿಯಡಿ ಸುತ್ತಿದ ಟವೆಲ್ ಇಟ್ಟು “ಒತ್ತಿ” ಎಂದು ಫಿಸಿಯೋ ಹೇಳುತ್ತಾರೆ. ಪಾದ ಅಲ್ಲಾಡುತ್ತದೆ, ಸೊಂಟ ಬಿಗಿಯುತ್ತದೆ, ತೊಡೆ ಮಾತ್ರ ಮಿಸುಕುವುದಿಲ್ಲ. ಮೊದಲ ತಿಂಗಳಲ್ಲಿ ಅದರ ಬಲ ಅರ್ಧಕ್ಕಿಂತ ಕೆಳಗೆ ಇಳಿಯುವುದುಂಟು. ಮನೆಯವರು “ಸ್ವಲ್ಪ ಮನಸ್ಸು ಮಾಡಿ” ಎಂದು ಗದರುವ ಮುನ್ನ ಇದನ್ನು ತಿಳಿದಿರಬೇಕು. ಐಸ್ ಇಡುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸುವುದು ಬಾವು ಇಳಿಸಲಿಕ್ಕೆ. ಬಾವು ಇಳಿದಷ್ಟೂ ಸ್ನಾಯು ಮಾತು ಕೇಳುತ್ತದೆ. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ಮಂಡಿ ಮಡಿಸುವುದು ಹಗುರ.

ಗಾಯದ ಹೊರಮಗ್ಗುಲಲ್ಲಿ ಜೋಮು ಹಿಡಿದಂತಿದೆಯೇ? ಅಲ್ಲಿ ಚರ್ಮದ ಸಣ್ಣ ನರವೊಂದು ಕತ್ತರಿಸಿಹೋಗಿರುತ್ತದೆ. ಗಾಬರಿ ಬೇಡ.

ಇನ್ನೊಂದು ಕಾರಣ ಹಳೆಯದು. ಪೆಟ್ಟು ಬಿದ್ದ ಮೇಲೆ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುತ್ತವೆ ಎಂದು ಸಂಶೋಧಕ ಕ್ಲಿಫರ್ಡ್ ವುಲ್ಫ್ 1983ರಲ್ಲಿ ತೋರಿಸಿದರು. ಹತ್ತು ವರ್ಷ ಮಂಡಿ ನೋವು ತಿಂದವರಲ್ಲಿ ನೋವಿನ ಆ ಹಾದಿ, ಹೊಲದಲ್ಲಿ ತುಳಿದು ತುಳಿದು ಬಿದ್ದ ಕಾಲುದಾರಿಯ ಹಾಗೆ, ಬೇಲಿ ಹಾಕಿದ ಮರುದಿನವೇ ಮುಚ್ಚಿಹೋಗದು.

ಅದಕ್ಕೇ “ನೋವಿಲ್ಲದ ಮಂಡಿ ಆಪರೇಷನ್” ಎಂಬ ಜಾಹೀರಾತು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಪರೇಷನ್ ಆದ ದಿನವೇ ರೋಗಿಯನ್ನು ನಡೆಸುವುದು ನಿಜ. ಅರಿವಳಿಕೆ ಇಳಿದ ಮೇಲಿನ ರಾತ್ರಿಯೂ ಅಷ್ಟೇ ನಿಜ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಸುಮಾರು ಐವರಲ್ಲಿ ಒಬ್ಬರಿಗೆ ದೀರ್ಘಕಾಲದ ನೋವು ಉಳಿದಿತ್ತು. ಉಳಿದವರು ಹೆಚ್ಚಿನಂಶ ಸುಖವಾಗಿ ನಡೆದಾಡುತ್ತಿದ್ದಾರೆ. ಈ ಎರಡನ್ನೂ ಆಪರೇಷನ್‌ಗೆ ಮೊದಲೇ ಹೇಳುವುದು ವೈದ್ಯರ ಕರ್ತವ್ಯ.

ಆರು ವಾರಕ್ಕೆ ಬಾವು, ಬಿಸಿ, ರಾತ್ರಿಯ ನೋವು ಇರುವುದು ಸಹಜ. ಕೆಲವು ತಿಂಗಳು ತಾಳ್ಮೆಯಿಂದ ವ್ಯಾಯಾಮ ಮುಂದುವರಿಸಿ. ಆದರೆ ಗಾಯದಿಂದ ಕೀವು ಒಸರಿದರೆ, ಜ್ವರ ಬಂದರೆ, ಮೀನಖಂಡ ಊದಿಕೊಂಡು ನೋಯತೊಡಗಿದರೆ ಅಥವಾ ಉಸಿರು ಕಟ್ಟಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.