ಹಳೆಯ ಡೀಸೆಲ್ ಜೀಪು: ಕೊಳ್ಳುವ ಮುನ್ನ ಒಂದಿಷ್ಟು ವಿಜ್ಞಾನ

ಕೊಪ್ಪ, ತೀರ್ಥಹಳ್ಳಿ, ಮೂಡಿಗೆರೆ, ಸೋಮವಾರಪೇಟೆಯ ಕಡೆ ಡಾಂಬರು ರಸ್ತೆ ಸೇರಬೇಕಾದರೆ ಎರಡು ಮೂರು ಕಿಲೋಮೀಟರ್ ಮಣ್ಣಿನ ದಾರಿ ದಾಟಬೇಕಾದ ಮನೆಗಳು ಬಹಳ. ಜೂನ್ ಬಂತೆಂದರೆ ಆ ದಾರಿಯೆಲ್ಲ ಕೆಸರು. ಶಾಲೆಯ ವ್ಯಾನು ಮನೆಯವರೆಗೆ ಬರುವುದಿಲ್ಲ. ಅಡಿಕೆಯೋ ಕಾಫಿಯೋ ಮಾರಿದ ಹಣ ಕೈಗೆ ಬಂದಾಗ ಇಂಥ ಮನೆಯವರಿಗೆ ಮೊದಲು ನೆನಪಾಗುವುದು ಬಟ್ಟೆಯ ಹುಡ್ ಇರುವ ಡೀಸೆಲ್ ಜೀಪು. ಹೊಸದಕ್ಕೆ ಹಣ ಸಾಲದಾದ್ದರಿಂದ ಹಳೆಯದನ್ನೇ ಹುಡುಕುತ್ತಾರೆ. ಹೊಸ ಬಣ್ಣ, ದಪ್ಪ ಟೈರು ನೋಡಿ ಮರುಳಾದರೆ, ಮಕ್ಕಳ ಕಾಲೇಜಿಗೆಂದು ಎತ್ತಿಟ್ಟ ಹಣ ಗ್ಯಾರೇಜಿನ ಪಾಲಾಗುತ್ತದೆ. ಶಾಲೆಯಲ್ಲಿ ಕಲಿತ ವಿಜ್ಞಾನವನ್ನು ಸ್ವಲ್ಪ ನೆನಪಿಸಿಕೊಂಡರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ತಣ್ಣಗಿರುವಾಗಲೇ ನೋಡಿ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು 16ರಿಂದ 22ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವಂತೆ ಇಲ್ಲಿಯೂ ಒತ್ತಿದ ಗಾಳಿ ಕಾಯುತ್ತದೆ. 500 ಡಿಗ್ರಿ ಸೆಲ್ಷಿಯಸ್ಸಿನಷ್ಟು ಬಿಸಿಯಾದ ಆ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಪಿಸ್ಟನ್ ರಿಂಗುಗಳು ಸವೆದರೆ ಗಾಳಿ ಸೋರಿ ಒತ್ತಡ ಕಡಿಮೆಯಾಗುತ್ತದೆ, ಶಾಖವೂ ಸಾಲದಾಗುತ್ತದೆ. ಆಗ ಎಂಜಿನ್ ತಣ್ಣಗಿರುವಾಗ ಸುಲಭವಾಗಿ ಚಾಲೂ ಆಗುವುದಿಲ್ಲ. ಆದ್ದರಿಂದ ಜೀಪು ನೋಡಲು ಬೆಳಗ್ಗೆಯೇ ಹೋಗಬೇಕು. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಆಗಲೇ ಬೆಚ್ಚಗಿದ್ದರೆ ಮಾರುವವರು ಮೊದಲೇ ಎಂಜಿನ್ ಓಡಿಸಿಟ್ಟಿದ್ದಾರೆ ಎಂದರ್ಥ. ಏಕೆಂದು ಕೇಳಿ, ಇನ್ನೊಂದು ದಿನ ಬರುವುದು ಲೇಸು. ತಣ್ಣನೆಯ ಎಂಜಿನ್ ಕಷ್ಟಪಟ್ಟು ಚಾಲೂ ಆದರೆ ದೋಷ ಬ್ಯಾಟರಿಯಲ್ಲಿರಬಹುದು, ಸಿಲಿಂಡರನ್ನು ಮೊದಲು ಕಾಯಿಸುವ ಹೀಟರ್ ಪ್ಲಗ್ಗಿನಲ್ಲಿರಬಹುದು. ಇವುಗಳ ರಿಪೇರಿ ಹೆಚ್ಚು ಖರ್ಚಿನದಲ್ಲ. ರಿಂಗುಗಳೇ ಸವೆದಿದ್ದರೆ ಮಾತ್ರ ಎಂಜಿನ್ ಬಿಚ್ಚಲೇಬೇಕು.

ಹೊಗೆಯ ಬಣ್ಣ

ಎಂಜಿನ್ ಓಡುವಾಗ ಹೊಗೆಯನ್ನು ಗಮನಿಸಿ. ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ ಎಂದರ್ಥ. ಗಾಳಿಯ ಫಿಲ್ಟರ್ ಕಟ್ಟಿಕೊಂಡಿರಬಹುದು ಅಥವಾ ಇಂಜೆಕ್ಟರ್ ಸರಿಯಾಗಿ ಸಿಂಪಡಿಸುತ್ತಿಲ್ಲದಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು, ವಾಲ್ವುಗಳ ಸವೆತ ಇದಕ್ಕೆ ಕಾರಣವಿರಬಹುದು. ಟರ್ಬೊ ಇರುವ ಜೀಪಿನಲ್ಲಿ ಅದರ ಸೀಲೂ ಹೋಗಿರಬಹುದು. ಚಳಿಯ ಬೆಳಗಿನಲ್ಲಿ ಒಂದೆರಡು ನಿಮಿಷ ಬಿಳಿ ಹಬೆ ಬರುವುದು ಸಹಜ. ಎಂಜಿನ್ ಕಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯ ಪಡಬೇಕು.

ಎಂಜಿನ್ ನಿಲ್ಲಿಸಿ ಆಯಿಲ್ ಕಡ್ಡಿ ಎತ್ತಿ ನೋಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಮಸಿಯಿಂದ ಬೇಗನೆ ಕಪ್ಪಾಗುತ್ತದೆ, ಅದು ದೋಷವಲ್ಲ. ಆದರೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಅಂಥ ಜೀಪನ್ನು ಬಿಟ್ಟುಬಿಡುವುದೇ ಒಳ್ಳೆಯದು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ಖಂಡಿತ ತೆರೆಯಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದೊಡನೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಹುಡ್ಡು ಮತ್ತು ತುಕ್ಕು

ಬಟ್ಟೆಯ ಹುಡ್ಡಿನ ಹೊಲಿಗೆಗಳು ಬಿಸಿಲು ಮಳೆಗೆ ಜೀರ್ಣವಾಗುತ್ತವೆ. ಪ್ಲಾಸ್ಟಿಕ್ ಕಿಟಕಿ ಸೂರ್ಯನ ನೇರಳಾತೀತ ಕಿರಣಗಳಿಂದ ಹಳದಿಗಟ್ಟಿ ಸೀಳುತ್ತದೆ. ಹುಡ್ ಹಾಕಿಸಿ, ಮೇಲಿನಿಂದ ಎರಡು ಬಕೆಟ್ ನೀರು ಸುರಿದರೆ ಎಲ್ಲಿ ಸೋರುತ್ತದೆಂದು ತಿಳಿಯುತ್ತದೆ. ಹೊಸ ಹುಡ್ ಹೊಲಿಸಬಹುದು. ಆದರೆ ವರ್ಷಗಟ್ಟಲೆ ಸೋರಿದ ನೀರು ರಬ್ಬರ್ ಮ್ಯಾಟಿನ ಕೆಳಗೆ ನಿಂತು ತಗಡನ್ನು ತಿಂದಿರುತ್ತದೆ. ಕಬ್ಬಿಣ, ನೀರು, ಆಕ್ಸಿಜನ್ ಸೇರಿದರೆ ತುಕ್ಕು ಎಂಬ ಪಾಠ ಇಲ್ಲಿ ಕಣ್ಣಿಗೇ ಕಾಣುತ್ತದೆ. ಮ್ಯಾಟು ಎತ್ತಿಸಿ ನೋಡದೆ ಮುಂದುವರಿಯಬಾರದು.

ಈ ಪರೀಕ್ಷೆಯಲ್ಲಿ ಮಕ್ಕಳಿಗೂ ಒಂದು ಕೆಲಸವುಂಟು. ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಡಿಯ ಉದ್ದಕ್ಕೂ ಆಡಿಸಿ. ಕಬ್ಬಿಣದ ತಗಡಿಗೆ ಅದು ಅಂಟುತ್ತದೆ. ತೂತು ಮುಚ್ಚಲು ದಪ್ಪ ಪಟ್ಟಿ ಮೆತ್ತಿದ್ದಲ್ಲಿ ಅಂಟದೆ ಜಾರುತ್ತದೆ.

ಬಳಿಕ ಅಡಿಗೆ ಬಗ್ಗಿ ಛಾಸಿಯನ್ನು ನೋಡಬೇಕು. ಚಪ್ಪಲಿಯ ರಟ್ಟಿನ ಡಬ್ಬಿಯನ್ನು ಮುಚ್ಚಳವಿಲ್ಲದೆ ತಿರುಚಿ ನೋಡಿ, ಸುಲಭವಾಗಿ ತಿರುಚುತ್ತದೆ. ಮುಚ್ಚಳ ಹಾಕಿ ಬಿಗಿದರೆ ಅಷ್ಟು ತಿರುಚದು. ಗಟ್ಟಿ ಚಾವಣಿ ಇಲ್ಲದ ವಾಹನದ ಸ್ಥಿತಿಯೂ ಇದೇ. ಹಳ್ಳ ದಿಣ್ಣೆಯ ತಿರುಚುವಿಕೆಯನ್ನೆಲ್ಲ ಮುಖ್ಯವಾಗಿ ಛಾಸಿಯೇ ತಾಳಬೇಕು. ಅದರಲ್ಲಿ ಬಿರುಕು, ತೇಪೆ ವೆಲ್ಡಿಂಗ್, ಪದರು ಪದರಾಗಿ ಏಳುವ ತುಕ್ಕು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡ.

ರಸ್ತೆಯ ಮೇಲೆ

ಓಡಿಸುವಾಗ ಸ್ಟಿಯರಿಂಗ್ ಸಡಿಲವಿದೆಯೇ, ಬ್ರೇಕ್ ಹಾಕಿದರೆ ಒಂದೇ ಕಡೆಗೆ ಎಳೆಯುತ್ತದೆಯೇ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನಾಗಿ ಹಾರುತ್ತದೆಯೇ ಎಂದು ನೋಡಬೇಕು. ನಾಲ್ಕು ಚಕ್ರದ ಚಾಲನೆಯನ್ನು ಕೆಸರು ಅಥವಾ ಹುಲ್ಲಿನ ಮೇಲೆ ಮಾತ್ರ ಪರೀಕ್ಷಿಸಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕಾದ್ದರಿಂದ ಒಣ ಡಾಂಬರಿನಲ್ಲಿ ಗೇರುಗಳು ಬಿಗಿದುಕೊಳ್ಳುತ್ತವೆ.

ಹಳೆಯ ಕಾಲದ ಡೀಸೆಲ್ ಪಂಪಿನ ಎಂಜಿನ್ನನ್ನು ಊರ ಮೆಕ್ಯಾನಿಕ್ ರಿಪೇರಿ ಮಾಡಬಲ್ಲ. 2010ರಲ್ಲಿ ಬಂದ ಮಹೀಂದ್ರ ಥಾರ್‌ನಲ್ಲಿ ಕಾಮನ್ ರೈಲ್ ಎಂಜಿನ್ನಿನ ಮಾದರಿಯೂ ಇತ್ತು. ಅಂಥ ಎಂಜಿನ್ನಿನ ಇಂಜೆಕ್ಟರ್, ಸೆನ್ಸರುಗಳ ಪರೀಕ್ಷೆಗೆ ಕಂಪ್ಯೂಟರ್ ಬೇಕು, ರಿಪೇರಿಯೂ ದುಬಾರಿ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಕೀಲಿ ತಿರುಗಿಸಿದಾಗ ಹೊತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ದೋಷ ಮುಚ್ಚಿಡಲು ಬಲ್ಬು ಕಿತ್ತಿರಲೂಬಹುದು.

ಕಾಗದಪತ್ರ

ಆರ್.ಸಿ.ಯಲ್ಲಿರುವ ಎಂಜಿನ್ ಮತ್ತು ಛಾಸಿ ಸಂಖ್ಯೆಗಳನ್ನು ವಾಹನದ ಮೇಲೆ ಕೆತ್ತಿದ ಸಂಖ್ಯೆಗಳೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಬೇಕು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ ಉದಾಹರಣೆಗಳುಂಟು. ಆ ಬದಲಾವಣೆ ಆರ್.ಸಿ.ಯಲ್ಲಿ ದಾಖಲಾಗಿರದಿದ್ದರೆ ತೊಂದರೆ ಕೊಂಡವರಿಗೇ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮಾಲೀಕತ್ವ ಬದಲಿಗೆ ಫಾರಂ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರಂ 35 ಬೇಕು. ಕೊಂಡ 14 ದಿನದೊಳಗೆ ವಿಮೆಯ ವರ್ಗಾವಣೆಗೆ ಅರ್ಜಿ ಹಾಕಬೇಕು.

ಕೊನೆಯದಾಗಿ ಮಕ್ಕಳ ಸುರಕ್ಷತೆ. ಜೀಪು ಮಗುಚಿದರೆ ಬಟ್ಟೆಯ ಹುಡ್ ಯಾರನ್ನೂ ಕಾಯದು. ಹಿಂದೆ ಎದುರುಬದುರು ಬೆಂಚಿನಲ್ಲಿ ಬೆಲ್ಟಿಲ್ಲದೆ ಕೂತ ಮಕ್ಕಳು ಹೊರಗೆ ಎಸೆಯಲ್ಪಡುತ್ತಾರೆ. ಛಾಸಿಗೆ ಬಲವಾಗಿ ಕೂರಿಸಿದ ರೋಲ್ ಬಾರ್, ಕೆಲಸ ಮಾಡುವ ಸೀಟ್ ಬೆಲ್ಟು ಇವೆರಡನ್ನೂ ನೋಡಿದ ಮೇಲೆಯೇ ಚೌಕಾಶಿಗೆ ಇಳಿಯಬೇಕು. ಮೊದಲ ದಿನವೇ ಮುಂಗಡ ಕೊಡದೆ, ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ಇನ್ನೊಮ್ಮೆ ತೋರಿಸಿದರೆ ಖರ್ಚಾಗುವುದು ಅವರ ಅರ್ಧ ದಿನದ ಕೂಲಿ ಅಷ್ಟೆ.