ಮನೋವೈದ್ಯವೃತ್ತಿ ಮತ್ತು ನಿರ್ಲಕ್ಷ್ಯದ ಹೊಣೆ: ಬೋಲಮ್ ಮೊಕದ್ದಮೆಯಿಂದ 2017ರ ಅಧಿನಿಯಮದವರೆಗೆ

ವೈದ್ಯಕೀಯ ನಿರ್ಲಕ್ಷ್ಯವನ್ನು ಕುರಿತು ಭಾರತದ ನ್ಯಾಯಾಲಯಗಳು ನೀಡಿರುವ ತೀರ್ಪುಗಳನ್ನು ಓದುವವರಿಗೆ ‘ಬೋಲಮ್ ಮಾನದಂಡ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಶಸ್ತ್ರಚಿಕಿತ್ಸೆ, ಹೆರಿಗೆ, ಅರಿವಳಿಕೆ, ಕಣ್ಣಿನ ಚಿಕಿತ್ಸೆ, ಹೀಗೆ ಮೊಕದ್ದಮೆ ಯಾವ ವಿಭಾಗದ್ದೇ ಆಗಿರಲಿ, ವೈದ್ಯನ ಹೊಣೆಯನ್ನು ಅಳೆಯುವ ಅಳತೆಗೋಲು ಇದೇ. ಆದರೆ ಈ ಅಳತೆಗೋಲು ರೂಪುಗೊಂಡದ್ದು ಒಂದು ಮಾನಸಿಕ ಆಸ್ಪತ್ರೆಯ ಚಿಕಿತ್ಸಾ ಕೊಠಡಿಯಲ್ಲಿ ನಡೆದ ಘಟನೆಯಿಂದ ಎಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಆ ಘಟನೆ ಯಾವುದು, ಅದರಿಂದ ಹೊರಟ ತತ್ತ್ವ ನಮ್ಮ ದೇಶದಲ್ಲಿ ಎಲ್ಲಿಯವರೆಗೆ ಬಂದು ನಿಂತಿದೆ, ಇಂದಿನ ಮನೋವೈದ್ಯನಿಗೆ ಅದು ಎಷ್ಟರಮಟ್ಟಿಗೆ ರಕ್ಷಣೆ ನೀಡಬಲ್ಲದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1954ರ ಆಗಸ್ಟ್ ತಿಂಗಳಿನಲ್ಲಿ ಲಂಡನ್ನಿನ ಉತ್ತರ ಭಾಗದಲ್ಲಿದ್ದ ಫ್ರೈಯರ್ನ್ ಆಸ್ಪತ್ರೆಯಲ್ಲಿ ಖಿನ್ನತೆಯಿಂದ ಬಳಲುತ್ತಿದ್ದ ಬೋಲಮ್ ಎಂಬ ರೋಗಿಗೆ ವಿದ್ಯುತ್ ಕಂಪನ ಚಿಕಿತ್ಸೆ ನೀಡಲಾಯಿತು. ಆತ ತಾನಾಗಿಯೇ ದಾಖಲಾದ ರೋಗಿ; ಸಮ್ಮತಿಪತ್ರಕ್ಕೆ ಸಹಿಯನ್ನೂ ಮಾಡಿದ್ದ. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಅವರು ಮೊದಲ ಬಾರಿಗೆ ಪ್ರಯೋಗಿಸಿದ ಈ ಚಿಕಿತ್ಸೆ ಆ ವೇಳೆಗೆ ವ್ಯಾಪಕವಾಗಿ ಬಳಕೆಗೆ ಬಂದಿತ್ತು. ತಲೆಯ ಮೂಲಕ ಕ್ಷಣಕಾಲ ವಿದ್ಯುತ್ತನ್ನು ಹಾಯಿಸಿದಾಗ ಮೂರ್ಛೆರೋಗದಲ್ಲಿ ಬರುವಂತಹ ಸೆಳವು ಇಡೀ ದೇಹವನ್ನು ಆವರಿಸುತ್ತದೆ. ಸ್ನಾಯುಗಳನ್ನು ಸಡಿಲಗೊಳಿಸುವ ಔಷಧವನ್ನು ಮೊದಲೇ ಕೊಡದಿದ್ದರೆ ಆ ಸೆಳವಿನ ರಭಸಕ್ಕೆ ಮೂಳೆ ಮುರಿಯುವ ಸಂಭವವುಂಟು. ಬೋಲಮ್‌ಗೆ ಅಂತಹ ಔಷಧವನ್ನು ಕೊಟ್ಟಿರಲಿಲ್ಲ. ಕೈಕಾಲುಗಳನ್ನು ಒತ್ತಿ ಹಿಡಿದಿರಲೂ ಇಲ್ಲ. ಗದ್ದ ಮತ್ತು ಭುಜಗಳಿಗೆ ಆಸರೆಯಿತ್ತು, ಮಂಚದ ಎರಡೂ ಬದಿಗೆ ದಾದಿಯರು ನಿಂತಿದ್ದರು, ಅಷ್ಟೇ. ಸೆಳವಿನಲ್ಲಿ ಆತನ ಸೊಂಟದ ಎರಡೂ ಕೀಲುಗಳು ಮುರಿದು ಸ್ಥಾನ ತಪ್ಪಿದವು.

1957ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಮ್ಯಾಕ್‌ನೇರ್ ಅವರ ಎದುರು ಜ್ಯೂರಿ ಸಮೇತ ವಿಚಾರಣೆ ನಡೆಯಿತು. ವಾದಿಯ ಆಕ್ಷೇಪಗಳು ಮೂರು: ಔಷಧ ಕೊಡಲಿಲ್ಲ, ಕೈಕಾಲು ಹಿಡಿಯಲಿಲ್ಲ, ಅಪಾಯವಿದೆಯೆಂದು ಹೇಳಲಿಲ್ಲ. ಮೊದಲ ಎರಡರ ವಿಷಯದಲ್ಲಿ ಅಂದಿನ ಮನೋವೈದ್ಯರಲ್ಲಿಯೇ ಎರಡು ಪಕ್ಷಗಳಿದ್ದವು. ಔಷಧಕ್ಕೂ ತನ್ನದೇ ಆದ ಪ್ರಾಣಾಪಾಯವಿದೆಯೆಂದು ಒಂದು ಪಕ್ಷ ಅದನ್ನು ಆಯ್ದ ರೋಗಿಗಳಿಗೆ ಮಾತ್ರ ಕೊಡುತ್ತಿತ್ತು. ದೇಹವನ್ನು ಬಿಗಿಯಾಗಿ ಹಿಡಿದಷ್ಟೂ ಮುರಿತದ ಸಾಧ್ಯತೆ ಹೆಚ್ಚೆಂದು ನಂಬಿದವರೂ ಇದ್ದರು. ಆಯಾ ಕೌಶಲದಲ್ಲಿ ನುರಿತ ಹೊಣೆಯುಳ್ಳ ವೈದ್ಯರ ಒಂದು ಸಮೂಹ ಸರಿಯೆಂದು ಒಪ್ಪಿರುವ ಪದ್ಧತಿಯನ್ನು ಅನುಸರಿಸಿದವನು, ಇನ್ನೊಂದು ಸಮೂಹ ಅದನ್ನು ಒಪ್ಪದ ಮಾತ್ರಕ್ಕೆ, ನಿರ್ಲಕ್ಷ್ಯದ ಅಪರಾಧಿಯಾಗಲಾರ ಎಂದು ನ್ಯಾಯಮೂರ್ತಿಗಳು ಜ್ಯೂರಿಗೆ ತಿಳಿಸಿದರು. ಜ್ಯೂರಿ ಆಸ್ಪತ್ರೆಯ ಪರವಾಗಿ ತೀರ್ಮಾನ ಕೊಟ್ಟಿತು.

ಮೂರನೆಯ ಆಕ್ಷೇಪ ಇಂದಿನ ಓದುಗರಿಗೆ ಹೆಚ್ಚು ಮುಖ್ಯವಾದದ್ದು. ಮುರಿತದ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು ಎಂಬ ಅಂದಾಜು ಸಾಕ್ಷ್ಯದಲ್ಲಿ ಬಂದಿತ್ತು. ಮಾನಸಿಕ ಕಾಯಿಲೆಯಿಂದ ನರಳುತ್ತಿರುವವನಿಗೆ ಗುಣವಾಗಲು ಇದೊಂದೇ ದಾರಿಯೆಂದು ವೈದ್ಯ ನಂಬಿದ್ದರೆ, ಇಷ್ಟು ಅಲ್ಪವಾದ ಅಪಾಯವನ್ನು ಒತ್ತಿ ಹೇಳದಿದ್ದುದಕ್ಕೆ ಆತನನ್ನು ದೂರಲಾಗದು. ಅಲ್ಲದೆ, ಹೇಳಿದ್ದರೆ ತಾನು ಚಿಕಿತ್ಸೆಗೆ ಒಪ್ಪುತ್ತಿರಲಿಲ್ಲವೆಂದು ರೋಗಿಯೇ ಸಾಧಿಸಿ ತೋರಿಸಬೇಕು ಎಂಬುದು ಅಂದಿನ ನಿಲುವು. ರೋಗಿಯ ಮನಸ್ಸು ಕೆಟ್ಟಿದೆ ಎಂಬ ಕಾರಣದಿಂದಲೇ ಆತನಿಗೆ ಕಡಿಮೆ ಹೇಳಿದರೂ ನಡೆಯುತ್ತದೆ ಎಂಬ ಊಹೆ ಇದರಲ್ಲಿ ಅಡಗಿದೆ. ಬೋಲಮ್ ತತ್ತ್ವದ ದುರ್ಬಲ ಭಾಗ ಇದೇ ಎಂದು ನಾನು ಭಾವಿಸುತ್ತೇನೆ. ಮುಂದಿನ ಅರವತ್ತು ವರ್ಷಗಳಲ್ಲಿ ಸವೆದುಹೋದದ್ದೂ ಬಹುಮಟ್ಟಿಗೆ ಈ ಭಾಗವೇ.

ಇಂಗ್ಲೆಂಡಿನಲ್ಲಿ 1997ರ ಬೋಲಿತೋ ತೀರ್ಪು, ವೃತ್ತಿಬಾಂಧವರ ಅಭಿಪ್ರಾಯ ತರ್ಕಕ್ಕೆ ನಿಲ್ಲದಿದ್ದರೆ ನ್ಯಾಯಾಲಯ ಅದನ್ನು ತಳ್ಳಿಹಾಕಬಹುದೆಂದಿತು. 2015ರ ಮಾಂಟ್‌ಗೊಮರಿ ತೀರ್ಪು, ಅಪಾಯವನ್ನು ತಿಳಿಸುವ ವಿಷಯದಲ್ಲಿ ಬೋಲಮ್ ಅನ್ನು ಕೈಬಿಟ್ಟಿತು. ಭಾರತದಲ್ಲಿ ಬೆಳವಣಿಗೆಯ ದಾರಿ ಬೇರೆ. 1995ರ ವಿ.ಪಿ. ಶಾಂತಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ವೈದ್ಯಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ತಂದಿತು. 2005ರ ಜೇಕಬ್ ಮ್ಯಾಥ್ಯೂ ಮೊಕದ್ದಮೆಯಲ್ಲಿ ಬೋಲಮ್ ತತ್ತ್ವಕ್ಕೆ ಸಮ್ಮತಿ ನೀಡಿ, ಪರಿಹಾರಕ್ಕೆ ಸಾಕಾಗುವ ನಿರ್ಲಕ್ಷ್ಯವನ್ನೂ ಶಿಕ್ಷೆಗೆ ಗುರಿಮಾಡುವ ಘೋರ ನಿರ್ಲಕ್ಷ್ಯವನ್ನೂ ಬೇರ್ಪಡಿಸಿತು. ಇನ್ನೊಬ್ಬ ಸಮರ್ಥ ವೈದ್ಯನ ಅಭಿಪ್ರಾಯವಿಲ್ಲದೆ ಖಾಸಗಿ ದೂರನ್ನು ಪರಿಗಣಿಸಬಾರದು, ವೈದ್ಯನನ್ನು ವಾಡಿಕೆಯಂತೆ ಬಂಧಿಸಬಾರದು ಎಂಬ ಸೂಚನೆಗಳು ಅದೇ ತೀರ್ಪಿನವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು, ನಿರ್ಲಕ್ಷ್ಯದಿಂದ ಮರಣ ಸಂಭವಿಸಿದಾಗ ಇತರರಿಗೆ ಐದು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿದ್ದರೆ, ನೋಂದಾಯಿತ ವೈದ್ಯ ಚಿಕಿತ್ಸಾಕ್ರಮದಲ್ಲಿ ಎಸಗಿದ ಲೋಪಕ್ಕೆ ಎರಡು ವರ್ಷಗಳ ಮಿತಿಯನ್ನು ಇರಿಸಿದೆ. 2008ರ ಸಮೀರಾ ಕೊಹ್ಲಿ ತೀರ್ಪನ್ನು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪರ್ಯಾಯ, ಗಣನೀಯ ಅಪಾಯ ಇವುಗಳನ್ನು ಸಾಕಷ್ಟು ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ಅದು ಹೇಳಿತು. ಬೋಲಮ್ ಕಾಲಕ್ಕೆ ತಕ್ಕಂತೆ ಬೆಳೆಯಬೇಕೆಂದು 2019ರ ಅರುಣ್ ಕುಮಾರ್ ಮಾಂಗ್ಲಿಕ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸೂಚಿಸಿದೆ.

ಈ ಸಾಮಾನ್ಯ ತತ್ತ್ವಗಳು ಮನೋವೈದ್ಯಶಾಸ್ತ್ರಕ್ಕೆ ಅನ್ವಯವಾಗುವಾಗ ಕೆಲವು ವಿಶೇಷ ತೊಡಕುಗಳು ಎದುರಾಗುತ್ತವೆ. ಮೂಳೆ ಮುರಿತಕ್ಕೆ ಎಕ್ಸ್‌ರೇ ಇದೆ. ಆತ್ಮಹತ್ಯೆಯ ಇಚ್ಛೆಯನ್ನು ತೋರಿಸುವ ಯಾವ ಚಿತ್ರವೂ ಇಲ್ಲ. ರೋಗಿಯ ಮಾತು, ಮನೆಯವರ ಮಾತು, ಹಿಂದಿನ ಚರಿತ್ರೆ, ವೈದ್ಯನ ಅವಲೋಕನ ಇವೇ ಆಧಾರ. ಎರಡನೆಯದಾಗಿ, ಹಾನಿಯಾಗುವುದು ಅನೇಕ ವೇಳೆ ವೈದ್ಯನ ಕೈಯಿಂದಲ್ಲ, ರೋಗಿಯ ಕೈಯಿಂದಲೇ, ಕೆಲವೊಮ್ಮೆ ಮೂರನೆಯವರಿಗೆ. ಹಾಗಿದ್ದೂ ಹೊಣೆ ವೈದ್ಯನನ್ನು ಮುಟ್ಟುತ್ತದೆ.

ಆತ್ಮಹತ್ಯೆಯ ವಿಷಯದಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ನಿರ್ಣಯಿಸಿದ ರೇಬೋನ್ ಮೊಕದ್ದಮೆ ಅಭ್ಯಾಸಯೋಗ್ಯವಾಗಿದೆ. ಆತ್ಮಹತ್ಯೆಗೆ ಯತ್ನಿಸಿದ್ದ ಯುವತಿಯೊಬ್ಬಳು ಸ್ವಇಚ್ಛೆಯಿಂದ ಆಸ್ಪತ್ರೆಯಲ್ಲಿದ್ದಳು. 2005ರಲ್ಲಿ ತಂದೆತಾಯಿಯ ಆತಂಕದ ನಡುವೆಯೂ ಆಕೆಯನ್ನು ಎರಡು ದಿನಗಳ ಮಟ್ಟಿಗೆ ಮನೆಗೆ ಕಳುಹಿಸಲಾಯಿತು. ಮರುದಿನವೇ ಆಕೆ ಜೀವ ಕಳೆದುಕೊಂಡಳು. ವಿವೇಕವುಳ್ಳ ಯಾವ ಮನೋವೈದ್ಯನೂ ಅಂತಹ ತೀರ್ಮಾನ ಕೈಗೊಳ್ಳುತ್ತಿರಲಿಲ್ಲವೆಂಬುದು ಸಾಬೀತಾದುದರಿಂದ, ರೋಗಿ ಸ್ವಇಚ್ಛೆಯಿಂದ ದಾಖಲಾಗಿದ್ದರೂ ಜೀವರಕ್ಷಣೆಯ ಹೊಣೆ ಆಸ್ಪತ್ರೆಯ ಮೇಲಿತ್ತೆಂದು ನ್ಯಾಯಾಲಯ ಹೇಳಿತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮುಂದಾಗುವುದನ್ನು ಖಚಿತವಾಗಿ ಹೇಳಲಿಲ್ಲವೆಂದು ವೈದ್ಯನನ್ನು ಯಾವ ನ್ಯಾಯಾಲಯವೂ ದಂಡಿಸುವುದಿಲ್ಲ. ಅಪಾಯವನ್ನು ಪರಿಶೀಲಿಸಿ, ಅಳೆದು, ಒಂದು ತೀರ್ಮಾನಕ್ಕೆ ಬಂದ ಮೇಲೆ ಅದು ತಪ್ಪಾದರೆ ಅದು ವಿವೇಚನೆಯ ದೋಷ. ಪರಿಶೀಲನೆಯನ್ನೇ ಮಾಡದಿದ್ದರೆ, ಮನೆಯವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದಿದ್ದರೆ, ಅದು ನಿರ್ಲಕ್ಷ್ಯ.

ಮೂರನೆಯವರ ರಕ್ಷಣೆಗೆ ಸಂಬಂಧಿಸಿದಂತೆ 1976ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ನೀಡಿದ ಟರಾಸಾಫ್ ತೀರ್ಪು ಪ್ರಸಿದ್ಧವಾದದ್ದು. ಬರ್ಕ್ಲಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ ತಾನು ಒಬ್ಬಳನ್ನು ಕೊಲ್ಲುವೆನೆಂದು ಚಿಕಿತ್ಸಕನ ಬಳಿ ಹೇಳಿಕೊಂಡಿದ್ದ. ಚಿಕಿತ್ಸಕ ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದನಾದರೂ ಆ ಹೆಣ್ಣುಮಗಳಿಗೆ ಸುದ್ದಿ ತಲುಪಲಿಲ್ಲ. 1969ರಲ್ಲಿ ಕೊಲೆ ನಡೆಯಿತು. ಅಪಾಯದಲ್ಲಿರುವ ವ್ಯಕ್ತಿಯನ್ನು ರಕ್ಷಿಸಲು ಯುಕ್ತ ಎಚ್ಚರ ವಹಿಸುವುದು ಚಿಕಿತ್ಸಕನ ಕರ್ತವ್ಯವೆಂದು ಆ ನ್ಯಾಯಾಲಯ ವಿಧಿಸಿತು. ನಮ್ಮ 2017ರ ಅಧಿನಿಯಮದ 23ನೆಯ ಕಲಮು ಇಷ್ಟು ದೂರ ಹೋಗಿಲ್ಲ. ಇತರರನ್ನು ಹಾನಿಯಿಂದ ಕಾಪಾಡಲು ಅವಶ್ಯವಿರುವಷ್ಟು ಮಾಹಿತಿಯನ್ನು ಹೊರಗೆಡಹಲು ಅದು ಅನುಮತಿ ಕೊಡುತ್ತದೆಯೇ ಹೊರತು ಕರ್ತವ್ಯವೆಂದು ವಿಧಿಸುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ 2018ರ ಮೇ 29ರಂದು ಜಾರಿಗೆ ಬಂದಿತು. ಇದರ ಹಿನ್ನೆಲೆಯಲ್ಲಿ 2001ರ ಆಗಸ್ಟ್ 6ರ ನೆನಪು ಇದೆ. ಅಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ ಇಪ್ಪತ್ತೈದಕ್ಕೂ ಹೆಚ್ಚು ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸರ್ವೋಚ್ಚ ನ್ಯಾಯಾಲಯ ಆ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಧಿನಿಯಮದ 95ನೆಯ ಕಲಮು ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸುತ್ತದೆ. ಅದೇ ಕಲಮು, ಸ್ನಾಯು ಸಡಿಲಿಸುವ ಔಷಧ ಮತ್ತು ಅರಿವಳಿಕೆ ಇಲ್ಲದೆ ವಿದ್ಯುತ್ ಕಂಪನ ಚಿಕಿತ್ಸೆ ನೀಡುವುದನ್ನೂ ನಿಷೇಧಿಸುತ್ತದೆ. ಫ್ರೈಯರ್ನ್ ಆಸ್ಪತ್ರೆಯಲ್ಲಿ 1954ರಲ್ಲಿ ನಡೆದದ್ದು ಇಂದು ಭಾರತದಲ್ಲಿ ನಡೆದರೆ, ಎಷ್ಟು ಮಂದಿ ತಜ್ಞರು ಬಂದು ಅದು ಒಪ್ಪಿತ ಪದ್ಧತಿಯೆಂದು ಸಾಕ್ಷ್ಯ ನುಡಿದರೂ ವೈದ್ಯನಿಗೆ ಪ್ರಯೋಜನವಿಲ್ಲ. ಬೋಲಮ್ ಮಾನದಂಡ ಹುಟ್ಟಿದ ಸಂಗತಿಗೇ ನಮ್ಮಲ್ಲಿ ಬೋಲಮ್ ಅನ್ವಯವಾಗುವುದಿಲ್ಲವೆಂದಾಯಿತು.

ಅರ್ಥಾತ್, ಮನೋವೈದ್ಯನ ಹೊಣೆ ಈಗ ಎರಡು ನೆಲೆಗಳಲ್ಲಿದೆ. ರೋಗನಿರ್ಣಯ, ಔಷಧದ ಆಯ್ಕೆ, ಪ್ರಮಾಣ ಇಂತಹವುಗಳಲ್ಲಿ ವೃತ್ತಿಯ ವಿವೇಚನೆಗೆ ಬೋಲಮ್ ಆಸರೆ ಉಳಿದಿದೆ. ದಾಖಲಾತಿ, ಸಮ್ಮತಿ, ದೇಹಬಂಧನ, ಬಿಡುಗಡೆ ಇವುಗಳಲ್ಲಿ ಶಾಸನವೇ ಕ್ರಮವನ್ನು ಗೊತ್ತುಪಡಿಸಿದೆ. ದೇಹಬಂಧನವನ್ನೇ ತೆಗೆದುಕೊಳ್ಳೋಣ. 97ನೆಯ ಕಲಮಿನ ಪ್ರಕಾರ, ಕಣ್ಣೆದುರಿಗಿರುವ ಹಾನಿಯನ್ನು ತಪ್ಪಿಸಲು ಬೇರೆ ದಾರಿಯಿಲ್ಲದಾಗ ಮಾತ್ರ, ಉಸ್ತುವಾರಿ ಮನೋವೈದ್ಯನ ಅನುಮತಿಯಿಂದ ಅದು ಸಾಧ್ಯ. ವಿಧಾನ, ಕಾರಣ, ಅವಧಿ ಇವುಗಳನ್ನು ಕೂಡಲೇ ದಾಖಲಿಸಬೇಕು. ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಗಳೊಳಗೆ ತಿಳಿಸಬೇಕು. ಸಿಬ್ಬಂದಿಯ ಕೊರತೆಯನ್ನು ಕಾರಣವಾಗಿ ಹೇಳುವಂತಿಲ್ಲ. ರಾತ್ರಿಪಾಳಿಯಲ್ಲಿ ಒಬ್ಬಳೇ ದಾದಿ ಇಡೀ ವಾರ್ಡನ್ನು ನೋಡಿಕೊಳ್ಳುವ ಜಿಲ್ಲಾ ಕೇಂದ್ರಗಳ ಸ್ಥಿತಿಯನ್ನು ಬಲ್ಲವರಿಗೆ ಈ ಮಾತಿನ ಬಿಸಿ ತಟ್ಟದಿರದು. ಆದರೂ ಶಾಸನಕಾರರು ಇದನ್ನು ತಿಳಿದೇ ಬರೆದಿದ್ದಾರೆ. ಕೊರತೆಯ ನೆಪದಲ್ಲಿ ಕಟ್ಟಿಹಾಕುವುದು ರೂಢಿಯಾಗಿಬಿಡುತ್ತದೆ ಎಂಬುದು ಅವರ ಆತಂಕ. ಸ್ವಇಚ್ಛೆಯ ರೋಗಿ ಬಿಡುಗಡೆ ಕೇಳಿದರೆ, ಆತನಿಗೆ ನಿರ್ಧರಿಸುವ ಸಾಮರ್ಥ್ಯ ಕುಂದಿದೆ ಅಥವಾ ಅಪಾಯವಿದೆಯೆಂಬ ಅಭಿಪ್ರಾಯವಿದ್ದಲ್ಲಿ, 88ನೆಯ ಕಲಮಿನಂತೆ ಪರಿಶೀಲನೆಗೆ 24 ಗಂಟೆಗಳ ಕಾಲಾವಕಾಶ ಸಿಗುತ್ತದೆ. ಅನಂತರ 89ನೆಯ ಕಲಮಿನ ಮೇರೆಗೆ ಪ್ರತಿನಿಧಿಯ ಅರ್ಜಿಯಿಂದ 30 ದಿನಗಳವರೆಗಿನ ದಾಖಲಾತಿಗೆ ಬದಲಾಯಿಸಬೇಕು, ಇಲ್ಲವೆ ಬಿಡಬೇಕು.

ಹೀಗೆ ಇರಿಸಿಕೊಂಡರೂ ತಪ್ಪು, ಬಿಟ್ಟರೂ ತಪ್ಪು ಎಂದು ವೈದ್ಯರು ಗೊಣಗುವುದುಂಟು. ಈ ಗೊಣಗಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಭಯದಿಂದ ಹುಟ್ಟುವ ಎಚ್ಚರಿಕೆ ಬೇರೊಂದು ಹಾನಿಗೆ ದಾರಿ ಮಾಡುತ್ತದೆ: ಆತ್ಮಹತ್ಯೆಯ ಪ್ರಯತ್ನ ಮಾಡಿದವನನ್ನು ‘ದೊಡ್ಡ ಆಸ್ಪತ್ರೆಗೆ ಹೋಗಿ’ ಎಂದು ಬಾಗಿಲಲ್ಲೇ ಸಾಗಹಾಕುವುದು, ಉದ್ರಿಕ್ತ ರೋಗಿಯನ್ನು ಸೇರಿಸಿಕೊಳ್ಳದಿರುವುದು. ತಾಲ್ಲೂಕು ಕೇಂದ್ರದಿಂದ ನಿಮ್ಹಾನ್ಸ್‌ವರೆಗಿನ ರಾತ್ರಿಯ ಪ್ರಯಾಣದಲ್ಲಿ ಆ ರೋಗಿಗೆ ಏನಾದರೂ ಆದರೆ ಹೊಣೆ ತಪ್ಪಿತೆಂದು ಮೊದಲು ನೋಡಿದ ವೈದ್ಯ ನಿಶ್ಚಿಂತನಾಗುವಂತಿಲ್ಲ. 94ನೆಯ ಕಲಮು ಯಾವುದೇ ನೋಂದಾಯಿತ ವೈದ್ಯನಿಗೆ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡುವ ಅಧಿಕಾರವನ್ನು ಕೊಟ್ಟಿದೆ. ವಿದ್ಯುತ್ ಕಂಪನ ಚಿಕಿತ್ಸೆಯೊಂದು ಮಾತ್ರ ಅದರಿಂದ ಹೊರಗೆ.

ಎರಡೂ ನೆಲೆಗಳಲ್ಲಿ ವೈದ್ಯನನ್ನು ಉಳಿಸುವುದು ಅಂದಂದಿನ ದಾಖಲೆ. ‘ರೋಗಿ ಸುಧಾರಿಸಿದ್ದಾನೆ, ಮನೆಗೆ ಕಳುಹಿಸಲಾಯಿತು’ ಎಂಬ ಒಂದು ಸಾಲು ನ್ಯಾಯಾಲಯದಲ್ಲಿ ಬಹುಮಟ್ಟಿಗೆ ಮೌನಕ್ಕೆ ಸಮ. ಸಾಯುವ ಆಲೋಚನೆಯ ಬಗ್ಗೆ ಕೇಳಲಾಯಿತು, ಹೀಗೆ ಉತ್ತರಿಸಿದ. ಹೆಂಡತಿಯನ್ನು ಪ್ರತ್ಯೇಕವಾಗಿ ವಿಚಾರಿಸಲಾಯಿತು. ಮನೆಯಲ್ಲಿರುವ ಕೀಟನಾಶಕವನ್ನು ತೆಗೆದಿರಿಸಲು ಹೇಳಲಾಯಿತು. ಇರಿಸಿಕೊಳ್ಳುವುದನ್ನೂ ಯೋಚಿಸಲಾಯಿತು, ಈ ಕಾರಣಕ್ಕಾಗಿ ಬೇಡವೆನಿಸಿತು. ಮೂರು ದಿನಗಳ ಬಳಿಕ ಬರತಕ್ಕದ್ದು — ಇಷ್ಟು ಬರೆಯಲು ಐದು ನಿಮಿಷ ಸಾಕು. ಕೈಬಿಟ್ಟ ಪರ್ಯಾಯವನ್ನೂ ಅದರ ಕಾರಣವನ್ನೂ ಬರೆದಿಟ್ಟರೆ, ತೀರ್ಮಾನ ತಪ್ಪಾದಾಗಲೂ ಅದು ವಿವೇಚನೆಯ ಫಲವೆಂಬುದಕ್ಕೆ ಪುರಾವೆಯಿರುತ್ತದೆ. ಘಟನೆಯ ನಂತರ ತಿದ್ದಿದ ದಾಖಲೆಯಾದರೋ ಇಲ್ಲದ ದಾಖಲೆಗಿಂತಲೂ ಕೆಡುಕು ಮಾಡುತ್ತದೆ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಯ್ದಿಡಬೇಕು, ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎಂಬುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಮಾನಸಿಕ ರೋಗಿಗೆ ತನ್ನ ಮೂಲ ದಾಖಲೆಗಳನ್ನು ಪಡೆಯುವ ಹಕ್ಕನ್ನು 2017ರ ಅಧಿನಿಯಮದ 25ನೆಯ ಕಲಮು ಪ್ರತ್ಯೇಕವಾಗಿಯೇ ನೀಡಿದೆ.

ಸಮ್ಮತಿಯ ವಿಷಯವನ್ನು ಕೊನೆಗೆ ಉಳಿಸಿಕೊಂಡಿರುವುದಕ್ಕೆ ಕಾರಣವಿದೆ. ಅಪಾಯ, ಪ್ರಯೋಜನ, ಪರ್ಯಾಯ ಇವುಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮತ್ತು ಅರ್ಥವಾಗುವ ರೀತಿಯಲ್ಲಿ ತಿಳಿಸಿ ಪಡೆದದ್ದೇ ಸಮ್ಮತಿಯೆಂದು ಅಧಿನಿಯಮದ ವ್ಯಾಖ್ಯೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ನಮೂನೆಯ ಕೆಳಗೆ ಕನ್ನಡದ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ನಮ್ಮ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ಈ ವ್ಯಾಖ್ಯೆಯ ಮುಂದೆ ಅದು ನಿಲ್ಲಲಾರದು. ಕನ್ನಡದ ನಮೂನೆಯೂ ತಾನಾಗಿಯೇ ಸಾಲದು. ‘ವಿದ್ಯುತ್ ಕಂಪನ ಚಿಕಿತ್ಸೆ’ ಎಂಬ ಪದವನ್ನು ಓದಿ ಏನೂ ತಿಳಿಯದ ರೈತ, ‘ಕರೆಂಟ್ ಕೊಡುತ್ತಾರೆ’ ಎಂದರೆ ಬೆಚ್ಚಿಬೀಳುತ್ತಾನೆ. ಆ ಭಯದ ಮಾತಿನಿಂದಲೇ ಆರಂಭಿಸಿ, ನಿದ್ದೆಯ ಮದ್ದು ಕೊಟ್ಟ ಮೇಲೆ ಮಾಡುತ್ತೇವೆ, ಎಚ್ಚರವಾದ ಮೇಲೆ ಕೆಲಕಾಲ ಗೊಂದಲವಿರಬಹುದು, ಇತ್ತೀಚಿನ ಸಂಗತಿಗಳು ಮರೆತುಹೋಗಬಹುದು, ಇದು ಬೇಡವೆಂದರೆ ಮಾತ್ರೆಗಳಿವೆ, ಅವು ಇಷ್ಟು ವಾರ ತೆಗೆದುಕೊಳ್ಳುತ್ತವೆ ಎಂದು ವಿವರಿಸಬೇಕು. ಗಡಿಭಾಗಗಳಲ್ಲಿ ತೆಲುಗು, ಮರಾಠಿ, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವವರಿದ್ದಾರೆ. ವಿವರಿಸಿದವರು ಯಾರು, ಯಾವ ಭಾಷೆಯಲ್ಲಿ ವಿವರಿಸಿದರು, ರೋಗಿ ತಿರುಗಿ ಕೇಳಿದ ಪ್ರಶ್ನೆ ಯಾವುದು, ಅದಕ್ಕೆ ಕೊಟ್ಟ ಉತ್ತರವೇನು ಎಂಬುದನ್ನು ಬರೆಯಲು ಸಹಿಯ ಮೇಲೆ ನಾಲ್ಕು ಸಾಲುಗಳ ಜಾಗವನ್ನು ನಮೂನೆಯಲ್ಲಿ ಬಿಡುವುದು ಯಾವ ಆಸ್ಪತ್ರೆಗೂ ಕಷ್ಟದ ಕೆಲಸವಲ್ಲ.