ಪರಪರಿ ಕಟ್ಟುವ ಕಾಲ

ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ವರ್ಷದ ಬಹುಪಾಲು ಬಿಸಿಲಿನದೇ ದೊರೆತನ. ಕಾರ್ತಿಕದಿಂದ ಪುಷ್ಯದವರೆಗಿನ ಚಳಿಗಾಲವೊಂದೇ ಜನರು ಅಂಗಳದಲ್ಲಿ ಕುಳಿತು ಹಿತವಾಗಿ ಕೈಕೆಲಸ ಮಾಡಲು ಒದಗುವ ಕಾಲ. ಹಬ್ಬಗಳು ಕೂಡ ಈ ಅವಧಿಯಲ್ಲೇ ಒಂದರ ಬೆನ್ನಿಗೊಂದು ಬರುತ್ತವೆ. ದೀಪಾವಳಿ ಕಳೆಯಿತೆಂದರೆ ಗೌರಿ ಹುಣ್ಣಿಮೆ, ಅನಂತರ ಎಳ್ಳಮಾವಾಸ್ಯೆ, ಅದರ ಆಸುಪಾಸಿನಲ್ಲಿ ಕ್ರಿಸ್‌ಮಸ್, ಕೊನೆಗೆ ಸಂಕ್ರಾಂತಿ. ಈ ಹಬ್ಬಗಳಲ್ಲಿ ಮಕ್ಕಳ ಪಾಲಿಗೆ ಬರುವ ಸಿಂಗಾರದ ಕೆಲಸ ಯಾವುದು, ಅದನ್ನು ಮನೆಯಲ್ಲಿರುವ ವಸ್ತುಗಳಿಂದಲೇ ಹೇಗೆ ಮಾಡಬಹುದು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೇಳುತ್ತ ಹೇಳುತ್ತ, ಶಾಲಾ ಶಿಕ್ಷಕನಾಗಿದ್ದಾಗ ನಾನೇ ಮಾಡಿದ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಹಿರಿಯರ ಸಿಂಗಾರವೆಲ್ಲ ಕೈಗೆಟಕುವ ವಸ್ತುಗಳದ್ದೇ ಆಗಿತ್ತು. ಬಲಿಪಾಡ್ಯಮಿಯಂದು ಸಗಣಿಯಿಂದ ಪಾಂಡವರನ್ನು ಮಾಡಿ, ಚೆಂಡುಹೂವನ್ನೂ ಉತ್ತರಾಣಿ ಕಡ್ಡಿಯನ್ನೂ ಸಿಗಿಸಿ ಹೊಸ್ತಿಲ ಬಳಿ ಕೂಡಿಸುವುದು ಉತ್ತರ ಕರ್ನಾಟಕದ ಮನೆಗಳ ವಾಡಿಕೆ. ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಎರೆದ ಸಕ್ಕರೆಯ ಗೊಂಬೆಗಳ ಆರತಿ. ಎಳ್ಳಮಾವಾಸ್ಯೆಯ ದಿನ ಸಜ್ಜೆ ರೊಟ್ಟಿ, ಭಜ್ಜಿ, ಹೋಳಿಗೆಗಳ ಬುತ್ತಿಯೊಡನೆ ಹೊಲಕ್ಕೆ ಹೋಗಿ, ಜೋಳದ ದಂಟುಗಳ ತುದಿ ಕೂಡಿಸಿ ಕಟ್ಟಿದ ಪುಟ್ಟ ಕೊಂಪೆಯ ಮುಂದೆ ಪೂಜೆ ಮಾಡಿ ಚರಗ ಚೆಲ್ಲುತ್ತಾರೆ. ಯಾವುದಕ್ಕೂ ಅಂಗಡಿಗೆ ಹೋಗಬೇಕಾದ ಪ್ರಮೇಯವಿಲ್ಲ. ಹಬ್ಬ ಮುಗಿದ ಮೇಲೆ ಮಣ್ಣಿನದು ಮಣ್ಣಿಗೆ, ದನದ ಪಾಲಿನದು ದನಕ್ಕೆ.

ಇವೆಲ್ಲದರಲ್ಲಿ ಅತ್ಯಂತ ನಾಜೂಕಿನದು ಸಂಕ್ರಾಂತಿಯ ಕುಸುರೆಳ್ಳು. ಸುರಪುರದ ನಮ್ಮ ಮನೆಯಲ್ಲಿ ಅಜ್ಜಿ ಇದನ್ನು ಮಾಡುತ್ತಿದ್ದ ಬಗೆ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಎಳ್ಳನ್ನು ತೊಳೆದು ಒಣಗಿಸಿಟ್ಟುಕೊಳ್ಳುವುದು. ಸಕ್ಕರೆಯ ಪಾಕ ಕುದಿಯುವಾಗ ಒಂದೆರಡು ಚಮಚ ಹಾಲು ಹಾಕಿ, ಮೇಲೆ ತೇಲುವ ಕೊಳೆಯನ್ನು ತೆಗೆಯುವುದು. ಅನಂತರ ಹಿತ್ತಾಳೆಯ ಪರಾತವನ್ನು ಕೆಂಡದ ಮೇಲಿಟ್ಟು, ಎಳ್ಳು ಹರಡಿ, ಪಾಕವನ್ನು ಚಮಚದಿಂದ ತುಸುತುಸುವೇ ಬಿಡುತ್ತ ಬೆರಳ ತುದಿಯಿಂದ ತಿರುವುತ್ತಿರುವುದು. ಪಾಕದ ನೀರು ಆರಿದಂತೆ ಸಕ್ಕರೆ ಮಾತ್ರ ಎಳ್ಳಿನ ಮೈಗೆ ಹರಳುಗಟ್ಟಿ ನಿಲ್ಲುತ್ತದೆ. ಮುಂದಿನ ಚಮಚದ ಸಕ್ಕರೆ ಹಿಂದಿನ ಹರಳಿನ ಮೇಲೆಯೇ ಬೆಳೆಯುತ್ತದೆ. ಹೀಗೆ ದಿನಕ್ಕಿಷ್ಟರಂತೆ ಕೆಲವು ದಿನ ನಡೆದರೆ ಕಾಳಿನ ಸುತ್ತ ಬಿಳಿಯ ಮುಳ್ಳುಗಳು ಮೂಡುತ್ತವೆ. ಉರಿ ಹೆಚ್ಚಾದರೆ ಎಳ್ಳು ಕೆಂಪಾಗುತ್ತದೆ, ಪಾಕ ಹೆಚ್ಚಾದರೆ ಗಂಟುಗಟ್ಟುತ್ತದೆ, ಗಾಳಿಯಲ್ಲಿ ತೇವವಿದ್ದರಂತೂ ಮುಳ್ಳೇ ಏಳುವುದಿಲ್ಲ. ಆದುದರಿಂದಲೇ ಇದು ಒಣ ಚಳಿಯ ತಿಂಗಳ ಕೆಲಸ.

ಈ ಕುಸುರೆಳ್ಳನ್ನು ಹಂಚುವುದು ಎಲ್ಲರಿಗೂ ಗೊತ್ತು. ಅದರಿಂದ ಒಡವೆ ಮಾಡುವುದನ್ನು ಈಗಿನವರಲ್ಲಿ ಕಂಡವರು ಕಡಿಮೆ. ದಾರಕ್ಕೆ ಜಾರುಗಂಟು ಹಾಕಿ, ಆ ಕುಣಿಕೆಯಲ್ಲಿ ಒಂದೊಂದೇ ಕಾಳನ್ನು ಕೂಡಿಸಿ ಬಿಗಿದರೆ ಬಿಳಿಯ ಮಣಿಗಳ ಸರವಾಗುತ್ತದೆ. ಅದನ್ನು ಜರಿ ಕಾಗದ ಅಂಟಿಸಿದ ರಟ್ಟಿನ ಮೇಲೆ ಹೊಲಿದರೆ ಕಿರೀಟ, ಬಾಜುಬಂದ, ಸೊಂಟಪಟ್ಟಿ. ಎಳೆಯ ಮಗುವಿಗೆ ಇವನ್ನು ತೊಡಿಸಿ ಮಣೆಯ ಮೇಲೆ ಕೂಡಿಸಿ, ಬಾರೆಹಣ್ಣು, ಕಬ್ಬಿನ ತುಂಡು, ಚುರುಮುರಿ, ಚಿಲ್ಲರೆ ಕಾಸುಗಳನ್ನು ತಲೆಯ ಮೇಲಿಂದ ಎರೆಯುತ್ತಾರೆ. ಕೆಲವು ಮನೆಗಳಲ್ಲಿ ಬಿಳಿಯ ಒಡವೆ ಎದ್ದು ಕಾಣುವಂತೆ ಕರಿಯ ಅಂಗಿ ತೊಡಿಸುವುದೂ ಉಂಟು. ಮಣೆಯ ಮೇಲಿನ ಮಗುವಿಗೆ ಪೂಜೆಯ ಗೌರವ ಸಲ್ಲುತ್ತದೆ. ಕೆಳಗೆ ಬಿದ್ದ ಹಣ್ಣು ಆರಿಸಿಕೊಳ್ಳುವ ಓಣಿಯ ಮಕ್ಕಳಿಗೆ ನಿಜವಾದ ಲಾಭ. ಇಂದಿನ ಹುಟ್ಟುಹಬ್ಬದ ಕೂಟಗಳಿಗೆ ನಮ್ಮಲ್ಲಿ ಪೂರ್ವಜರಿದ್ದರೆ ಅದು ಇದೇ ಎಂದು ನನ್ನ ಭಾವನೆ. ಬಂದ ಮಗು ಉಡುಗೊರೆ ತರಬೇಕಾಗಿಲ್ಲ, ಬರಿಗೈಯಲ್ಲಿ ಬಂದು ಉಡಿ ತುಂಬಿಕೊಂಡು ಹೋಗುತ್ತದೆ.

ಇನ್ನು ಬೆಳಕಿನ ಸಿಂಗಾರ. ದೀಪಾವಳಿಯ ಆಕಾಶಬುಟ್ಟಿಗೂ ಕ್ರಿಸ್‌ಮಸ್‌ನ ನಕ್ಷತ್ರಕ್ಕೂ ಬೇಕಾಗುವುದು ಬಿದಿರ ಸೀಳು, ದಾರ ಮತ್ತು ಪತಂಗದ ಕಾಗದ. ಯಾದಗಿರಿಯಲ್ಲಿ ಮೆಥಡಿಸ್ಟ್ ಕ್ರೈಸ್ತರ ಮನೆಗಳ ಮುಂದೆ ಡಿಸೆಂಬರಿನಲ್ಲಿ ತೂಗುವ ನಕ್ಷತ್ರಗಳನ್ನು ನೋಡಿಯೇ ನಾನು ಇದನ್ನು ಕಲಿಯುವ ಮನಸ್ಸು ಮಾಡಿದ್ದು. ವಿಧಾನ ಸರಳವಾಗಿದೆ. ಎರಡು ಅಡಿ ಉದ್ದದ ಹತ್ತು ಸೀಳುಗಳಿರಲಿ. ಕೈಯೆತ್ತದೆ ಪೆನ್ಸಿಲಿನಿಂದ ನಾವು ಬರೆಯುವ ಐದು ಮೂಲೆಯ ನಕ್ಷತ್ರದ ಗೆರೆಗಳಂತೆ ಐದು ಸೀಳುಗಳನ್ನು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸಿ ತುದಿಗಳನ್ನು ದಾರದಿಂದ ಕಟ್ಟಬೇಕು. ಇಂಥವು ಎರಡಾದ ಮೇಲೆ ಒಂದರ ಮೇಲೊಂದಿಟ್ಟು ಐದೂ ತುದಿಗಳನ್ನು ಕೂಡಿಸಿ ಬಿಗಿಯಬೇಕು. ಸೀಳುಗಳು ನಡುವೆ ಹಾಯುವ ಐದು ಕಡೆ ನಾಲ್ಕು ಅಂಗುಲದ ಗಿಡ್ಡ ಕಡ್ಡಿಗಳನ್ನು ಎರಡು ನಕ್ಷತ್ರಗಳ ಮಧ್ಯೆ ನಿಲ್ಲಿಸಿದರೆ ಚಪ್ಪಟೆಯಾಗಿದ್ದ ಕಟ್ಟು ಉಬ್ಬಿ ಹೊಟ್ಟೆ ತಳೆಯುತ್ತದೆ. ಆ ಬಿಗಿತವೇ ಇಡೀ ಕಟ್ಟನ್ನು ಹಿಡಿದು ನಿಲ್ಲಿಸುವ ಶಕ್ತಿ. ಒಂದು ಮಗ್ಗುಲನ್ನು ದೀಪಕ್ಕೆಂದು ಬಿಟ್ಟು ಉಳಿದೆಡೆ ಕಾಗದ ಹಚ್ಚಬೇಕು. ಹಿಂದೆ ಎಣ್ಣೆಯ ಹಣತೆ ಇಡುತ್ತಿದ್ದರು; ಗಾಳಿಗೆ ಕಾಗದ ಹೊತ್ತಿಕೊಂಡು ಹಬ್ಬ ಕೆಡುವುದೂ ಇತ್ತು. ಈಗಿನ ಚಿಕ್ಕ ಎಲ್‌ಇಡಿ ದೀಪ ಅಷ್ಟಾಗಿ ಕಾಯುವುದಿಲ್ಲವಾದ್ದರಿಂದ ಆ ಭಯ ಕಡಿಮೆ.

ಅಂಟು ಮೈದಾಹಿಟ್ಟಿನದು. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವಿದರೆ ಸರಿ ಸಿದ್ಧವಾಗುತ್ತದೆ. ಹುಳ ಹಿಡಿಯದಿರಲೆಂದು ಹಿಂದಿನವರು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳು ಬೆರಳು ಅದ್ದುವ ಅಂಟಿಗೆ ಖಂಡಿತ ಬೇಡ. ಅಂದಂದಿನ ಅಂಟನ್ನು ಅಂದಂದೇ ಕಾಯಿಸಿಕೊಂಡರಾಯಿತು. ಪರಪರಿಗೆ ಪತಂಗದ ಕಾಗದವನ್ನು ಮಡಿಸಿ, ಮೂಲೆಯಾಗಿ ಕತ್ತರಿಸಿ, ಮೇಲಂಚನ್ನು ಸುತಳಿಯ ಮೇಲೆ ಮಡಚಿ ಅಂಟಿಸಬೇಕು. ಸರಪಳಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಸಾಕು. ಅಂಗುಲ ಅಗಲ, ಆರು ಅಂಗುಲ ಉದ್ದದ ಪಟ್ಟಿಗಳನ್ನು ಒಂದರೊಳಗೊಂದು ಹಾಯಿಸಿ ಅಂಟಿಸುತ್ತ ಹೋದರೆ ಒಂದು ಮೊಳಕ್ಕೆ ಸುಮಾರು ಹತ್ತು ಕೊಂಡಿಗಳಾಗುತ್ತವೆ. ತರಗತಿಯ 40 ಮಕ್ಕಳು ತಲೆಗೆ ಐದರಂತೆ ಮಾಡಿದರೆ 200 ಕೊಂಡಿ, ಅಂದರೆ 20 ಮೊಳದ ಸರಪಳಿ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರೆ ಗಣಿತದ ಒಂದು ಪಾಠವೂ ಆದಂತೆ.

ಈಗ ನನ್ನ ತಪ್ಪಿನ ಸಂಗತಿ. ಶಹಾಪುರದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನಿದ್ದಾಗ, ಉಳ್ಳವರೊಬ್ಬರ ಮಗನ ಹುಟ್ಟುಹಬ್ಬಕ್ಕೆ ಯಾದಗಿರಿಯಿಂದ ಕೇಕು ಬಂದಿತು. ಬಲೂನುಗಳೂ ಥರ್ಮಾಕೋಲಿನ ಅಕ್ಷರಗಳೂ ಬಂದವು. ಉಳಿದ ಮಕ್ಕಳು ಗೋಡೆಗೆ ಒರಗಿ ನೋಡುತ್ತ ನಿಂತರು. ನಿಮ್ಮ ನಿಮ್ಮ ಹುಟ್ಟಿದ ದಿನ ಯಾವಾಗ ಎಂದು ಕೇಳಲು ನಾನು ದಾಖಲಾತಿ ಪುಸ್ತಕ ತೆರೆದೆ. ಅರ್ಧಕ್ಕಿಂತ ಹೆಚ್ಚು ಹೆಸರುಗಳ ಮುಂದೆ ಒಂದೇ ತಾರೀಖು: ಜೂನ್ 1. ಕಾರಣ ನಿಮಗೆ ಗೊತ್ತಿರಬಹುದು. ಹುಟ್ಟಿದ ದಿನದ ಕಾಗದವಿಲ್ಲದ ಮಗುವನ್ನು ಶಾಲೆಗೆ ಸೇರಿಸುವಾಗ, ವಯಸ್ಸಿನ ಅಂದಾಜು ಸರಿಹೋಗುವಂತೆ ಶಾಲಾ ವರ್ಷದ ಮೊದಲ ದಿನವನ್ನೇ ಬರೆದುಬಿಡುವುದು ನಮ್ಮ ಕಡೆ ಬಹುಕಾಲ ನಡೆದುಬಂದ ಪದ್ಧತಿ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ, ನಾ ಜೂನ್‌ದಾಗ ಹುಟ್ಟಿಲ್ರಿ. ಹತ್ತಿ ಬಿಡಸೂ ದಿನದಾಗ ಹುಟ್ಟೀನಿ ಅಂತ ನಮ್ಮವ್ವ ಹೇಳ್ತಾಳ” ಎಂದಳು. ಅವಳಿಗೆ ತಾರೀಖು ಗೊತ್ತಿರಲಿಲ್ಲ, ಆದರೆ ಋತು ಗೊತ್ತಿತ್ತು.

ಹಾಗಾದರೆ ತಾರೀಖು ಇಲ್ಲದವರೆಲ್ಲರ ಹುಟ್ಟುಹಬ್ಬವನ್ನು ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಒಟ್ಟಿಗೆ ಮಾಡೋಣವೆಂದು ನಿಶ್ಚಯಿಸಿದೆ. ಒಂದು ತಿಂಗಳು ಮೊದಲೇ ಸರಪಳಿಯ ಕೆಲಸ ಪ್ರಾರಂಭವಾಯಿತು. ಪ್ರತಿಯೊಬ್ಬರೂ ತಮ್ಮ ಒಂದು ಕೊಂಡಿಯ ಒಳಮೈಯಲ್ಲಿ ಹೆಸರು ಬರೆಯಬೇಕೆಂಬುದು ನಿಯಮ. ಪಾಠದ ಪುಸ್ತಕದಲ್ಲಿ ಹಿಮ ಬಿದ್ದ ಊರಿನ ಚಿತ್ರವಿತ್ತು. ಅಂಥ ಗಿಡವೊಂದನ್ನು ಮೂಲೆಯಲ್ಲಿ ನಿಲ್ಲಿಸೋಣವೆಂದು ಜಾಲಿಯ ಒಣ ಟೊಂಗೆ ತಂದೆವು. ಹಿಮಕ್ಕೆ ಏನು ಮಾಡುವುದು ಎಂದು ನಾನು ಯೋಚಿಸುತ್ತಿರುವಾಗ ಆ ಹುಡುಗಿ ಮರುದಿನ ಉಡಿಯಲ್ಲಿ ಹತ್ತಿ ತಂದು ಮುಳ್ಳುಮುಳ್ಳಿಗೂ ಸಿಗಿಸಿದಳು. ಅವಳ ಬೆರಳ ತುದಿಗಳು ಹತ್ತಿಯ ತೊಳೆಯ ಚೂಪಿಗೆ ಗೀರಿಹೋಗಿದ್ದುದನ್ನು ನಾನು ಕಂಡದ್ದು ಆಗ. ಮುಂಜಾನೆ ಹೊಲಕ್ಕೆ ಹೋಗಿ, ಬಳಿಕ ಶಾಲೆಗೆ ಬರುತ್ತಿದ್ದಳು.

ನಿಶ್ಚಯಿಸಿದ ಶನಿವಾರ ಬಂದಾಗ ಆ ಹುಡುಗಿ ಇರಲಿಲ್ಲ. ಇನ್ನೂ ಕೆಲವರು ಇರಲಿಲ್ಲ. ಹೊಲದ ಕೆಲಸ ತೀರಿದೊಡನೆ ಅವರ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗಿದ್ದರು. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಏಳುತ್ತಿದ್ದ ಯಾವುದೋ ಕಟ್ಟಡದ ಬುಡದಲ್ಲಿ ಅವರ ತಗಡಿನ ಮನೆಗಳು. ಹಂಗಾಮು ಮುಗಿದ ಮೇಲೆ ಒಣಬೇಸಾಯದ ಕುಟುಂಬಗಳು ಹೊರಡುವುದು ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ತಿಳಿಯದ ವಿಷಯವೇನಲ್ಲ. ಆದರೂ ದಿನ ಗೊತ್ತುಮಾಡುವಾಗ ಗೋಡೆಯ ಕ್ಯಾಲೆಂಡರನ್ನು ನೋಡಿದೆನೇ ಹೊರತು ಹೊಲವನ್ನು ನೋಡಲಿಲ್ಲ. ಯಾರಿಗಾಗಿ ಹಬ್ಬ ಮಾಡಿದ್ದೆನೋ ಅವರೇ ಇಲ್ಲದೆ ಹಬ್ಬ ಮುಗಿಯಿತು. ಬೇಸಿಗೆಯಲ್ಲಿ ಸುಣ್ಣ ಬಳಿಸುವಾಗ ಸರಪಳಿಯನ್ನು ಕಿತ್ತು ಕಸದೊಡನೆ ಸುಡಿಸಿದೆ. ಜೂನ್‌ನಲ್ಲಿ ಶಾಲೆ ತೆರೆದ ವಾರ ಆ ಹುಡುಗಿ ಬಂದು ಖಾಲಿ ಗೋಡೆಯನ್ನು ನೋಡಿ, “ಸರ, ನನ್ನ ಹೆಸರಿನ ಕೊಂಡಿ ಎಲ್ಲೈತ್ರಿ?” ಎಂದು ಕೇಳಿದಳು. ನಾನು ನಿಜ ಹೇಳಿದೆ. ಅವಳು ಏನೂ ಅನ್ನದೆ ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಮರುವರ್ಷದಿಂದ ನಮ್ಮ ಹಬ್ಬವನ್ನು ದೀಪಾವಳಿಯ ಮರುವಾರಕ್ಕೆ ತಂದೆ. ಆಗ ಎಲ್ಲರೂ ಊರಿನಲ್ಲಿರುತ್ತಿದ್ದರು.

ಅಂಗಡಿಯ ಸಿಂಗಾರವನ್ನು ನಾನು ದೂರುವುದಕ್ಕೆ ಕಾನೂನಿನ ಬಲವೂ ಇದೆ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಪ್ಲಾಸ್ಟಿಕ್ಕಿನ ತೋರಣ, ಫ್ಲೆಕ್ಸ್, ತಟ್ಟೆ ಲೋಟ, ಥರ್ಮಾಕೋಲ್ ವಸ್ತುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಧ್ವಜ, ಅಲಂಕಾರದ ಥರ್ಮಾಕೋಲ್ ದೇಶಕ್ಕೆಲ್ಲ ನಿಷಿದ್ಧವಾದವು. ಆದರೆ ನನ್ನ ಆಕ್ಷೇಪ ಇನ್ನೊಂದು ಬಗೆಯದು. ಕೊಂಡು ತಂದ ಸಿಂಗಾರದಲ್ಲಿ ಹಬ್ಬದ ಒಡೆಯನೊಬ್ಬನೇ, ಮಿಕ್ಕವರು ನೋಡುಗರು. ಕೈಯಾರೆ ಮಾಡಿದ್ದರಲ್ಲಿ ಅಂಟು ಹಚ್ಚಿದವರಿಗೆಲ್ಲ ಪಾಲುಂಟು. ಇದು ಬಡತನಕ್ಕೆ ಪರಿಹಾರವಲ್ಲ, ಗುಳೆ ಹೋಗುವುದನ್ನು ಕಾಗದದ ಸರಪಳಿ ತಡೆಯಲಾರದು ಎಂಬುದನ್ನು ನಾನು ಬಲ್ಲೆ. ತಿರುಗಿ ಬಂದ ಮಗುವಿಗೆ ಶಾಲೆಯ ಗೋಡೆಯ ಮೇಲೆ ತನ್ನದೆಂಬುದೊಂದು ಕಾಣಬೇಕು, ಅಷ್ಟೆ.

ಆದುದರಿಂದ ಈ ಚಳಿಗಾಲದಲ್ಲಿ ನೀವು ಮಕ್ಕಳೊಡನೆ ಸರಪಳಿ ಮಾಡುವುದಾದರೆ, ಕೊಂಡಿಯ ಒಳಗೆ ಹೆಸರು ಬರೆಯಿಸಿರಿ. ಹಬ್ಬ ಮುಗಿದ ಮೇಲೆ ಅದನ್ನು ಎಸೆಯಬೇಡಿರಿ. ನಾಲ್ಕು ಒಣ ಬೇವಿನೆಲೆ ಹಾಕಿ ತಗಡಿನ ಪೆಟ್ಟಿಗೆಯಲ್ಲಿ ಇಡಿರಿ. ಯಾರು ಯಾವಾಗ ಬಂದು ತಮ್ಮ ಕೊಂಡಿಯನ್ನು ಕೇಳುವರೋ ಹೇಳಲು ಬರುವುದಿಲ್ಲ.